ಮನೆ ಮುಂದಿನ ಮಳಿಗೆ: ಕಾನೂನಿನ ಗೆರೆ ಎಲ್ಲಿದೆ?

ಮಂಡ್ಯ: ಮನೆಯ ಮುಂಭಾಗದ ಕೋಣೆಗೆ ಷಟರ್ ಹಾಕಿಸಿ ದಿನಸಿ ಅಂಗಡಿ ತೆರೆಯುವುದು, ನೆಲ ಅಂತಸ್ತನ್ನು ಕ್ಲಿನಿಕ್‌ಗೋ ಬೇಕರಿಗೋ ಬಾಡಿಗೆಗೆ ಕೊಟ್ಟು ಮೇಲಿನ ಅಂತಸ್ತಿನಲ್ಲಿ ವಾಸಿಸುವುದು ಮಂಡ್ಯ, ಮದ್ದೂರು, ಮಳವಳ್ಳಿಯಂತಹ ಪಟ್ಟಣಗಳಲ್ಲಿ ತೀರಾ ಸಾಮಾನ್ಯ ಸಂಗತಿ. ಸ್ಥಳೀಯ ಸಂಸ್ಥೆಯಿಂದ ಉದ್ದಿಮೆ ಪರವಾನಗಿ ಪಡೆದು, ವಾಣಿಜ್ಯ ದರದಲ್ಲಿ ಆಸ್ತಿ ತೆರಿಗೆ ಹಾಗೂ ವಿದ್ಯುತ್ ಶುಲ್ಕ ಕಟ್ಟಿದರೆ ಎಲ್ಲವೂ ಸರಿಯಾಯಿತು ಎಂಬ ನಂಬಿಕೆ ವ್ಯಾಪಕವಾಗಿದೆ.

ಈ ನಂಬಿಕೆ ಅರ್ಧ ಸತ್ಯ ಮಾತ್ರ. ಅಂಗಡಿ ನಡೆಸಲು ಅನುಮತಿ ಬೇರೆ, ಆ ಜಾಗದಲ್ಲಿ ಅಂಗಡಿ ಇರಬಹುದೇ ಎಂಬ ಪ್ರಶ್ನೆ ಬೇರೆ. ಮೊದಲನೆಯದಕ್ಕೆ ಉತ್ತರ ಪುರಸಭೆಯ ಪರವಾನಗಿಯಲ್ಲಿದೆ. ಎರಡನೆಯದಕ್ಕೆ ಉತ್ತರ ಪಟ್ಟಣದ ಮಹಾಯೋಜನೆಯ ನಕ್ಷೆಯಲ್ಲಿ ಮತ್ತು ಅದಕ್ಕೆ ಹೊಂದಿಕೊಂಡ ವಲಯ ನಿಯಮಾವಳಿಯಲ್ಲಿದೆ. ಬಾಡಿಗೆ ಮುಂಗಡ ಕೊಟ್ಟು, ಸಾಲ ಮಾಡಿ ಒಳಾಂಗಣ ಸಿದ್ಧಪಡಿಸಿಕೊಂಡ ಸಣ್ಣ ವ್ಯಾಪಾರಿ ಈ ನಕ್ಷೆಯ ಬಗ್ಗೆ ಮೊದಲ ಬಾರಿಗೆ ಕೇಳುವುದು ಬಹುಪಾಲು ಸಂದರ್ಭಗಳಲ್ಲಿ ನೋಟಿಸ್ ಕೈಸೇರಿದ ಮೇಲೆ.

ಈಗೇಕೆ ಈ ಪ್ರಶ್ನೆ?

ಇಷ್ಟು ವರ್ಷ ನಡೆದುಕೊಂಡು ಬಂದದ್ದು ಮುಂದೆಯೂ ನಡೆಯುತ್ತದೆ ಎನ್ನುವಂತಿಲ್ಲ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪೊಂದು ಪರಿಸ್ಥಿತಿಯನ್ನು ಬದಲಿಸಿದೆ. ಉತ್ತರ ಪ್ರದೇಶದ ಮೀರತ್ ನಗರದ ಶಾಸ್ತ್ರಿನಗರದಲ್ಲಿ ವಸತಿಗೆಂದು ಹಂಚಿಕೆಯಾಗಿದ್ದ ನಿವೇಶನದಲ್ಲಿ ಅಂಗಡಿ ಮಳಿಗೆಗಳು ತಲೆಯೆತ್ತಿದ್ದವು. ದಶಕಗಳ ಕಾಲ ಅಲ್ಲಿ ವ್ಯಾಪಾರ ನಡೆದಿತ್ತು. ದೀರ್ಘಕಾಲ ಕಳೆದಿದೆ, ಅಧಿಕಾರಿಗಳೂ ಸುಮ್ಮನಿದ್ದರು ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಆ ಕಟ್ಟಡವನ್ನು ನೆಲಸಮ ಮಾಡಲಾಯಿತು.

ತೀರ್ಪಿನ ಪರಿಣಾಮ ಮೀರತ್‌ಗೆ ಸೀಮಿತವಾಗಲಿಲ್ಲ. ನ್ಯಾಯಾಲಯವು ಎಲ್ಲ ರಾಜ್ಯಗಳಿಗೂ ಅನ್ವಯಿಸುವ ನಿರ್ದೇಶನಗಳನ್ನು ನೀಡಿತು. ಅನಧಿಕೃತ ಕಟ್ಟಡದಲ್ಲಿ, ಅದು ವಸತಿ ಕಟ್ಟಡವಾಗಿರಲಿ, ವಾಣಿಜ್ಯ ಕಟ್ಟಡವಾಗಿರಲಿ, ವ್ಯಾಪಾರ ನಡೆಸಲು ಯಾವುದೇ ಪರವಾನಗಿ ನೀಡಬಾರದು. ಅಭಿವೃದ್ಧಿಯು ವಲಯ ಯೋಜನೆಗೆ ಅನುಗುಣವಾಗಿರಬೇಕು. ವಿದ್ಯುತ್, ನೀರು, ಒಳಚರಂಡಿ ಸಂಪರ್ಕವನ್ನು ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಅಥವಾ ಸ್ವಾಧೀನಾನುಭವ ಪತ್ರ ಹಾಜರುಪಡಿಸಿದ ನಂತರವೇ ಕೊಡಬೇಕು. ಬ್ಯಾಂಕುಗಳು ಈ ಪತ್ರಗಳನ್ನು ಪರಿಶೀಲಿಸಿದ ಬಳಿಕವೇ ಕಟ್ಟಡದ ಆಧಾರದ ಮೇಲೆ ಸಾಲ ನೀಡಬೇಕು ಎಂಬುದು ಅವುಗಳಲ್ಲಿ ಮುಖ್ಯವಾದವು. ಕರ್ನಾಟಕದಲ್ಲಿ 2025ರಲ್ಲಿ ಹೊಸ ಕಟ್ಟಡಗಳಿಗೆ ವಿದ್ಯುತ್ ಸಂಪರ್ಕ ಸಿಗದೆ ಮನೆ ಮಾಲೀಕರು ಪರದಾಡಿದ್ದಕ್ಕೆ ಇದೇ ತೀರ್ಪು ಕಾರಣ.

ಅಂದರೆ, ಹಿಂದೆ ದಂಡ ಕಟ್ಟಿ ಸುಮ್ಮನಾಗಬಹುದಾಗಿದ್ದ ಲೋಪ ಈಗ ಪರವಾನಗಿ, ವಿದ್ಯುತ್ ಹಾಗೂ ಸಾಲ ಮೂರನ್ನೂ ತಡೆಯಬಲ್ಲದು.

ಕಾಯ್ದೆ ಏನು ಹೇಳುತ್ತದೆ?

ರಾಜ್ಯದಲ್ಲಿ ಭೂ ಬಳಕೆಯನ್ನು ನಿಯಂತ್ರಿಸುವ ಮೂಲ ಶಾಸನ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961. ಇದರ ಪ್ರಕಾರ ಪ್ರತಿ ಸ್ಥಳೀಯ ಯೋಜನಾ ಪ್ರದೇಶಕ್ಕೂ ಒಂದು ಯೋಜನಾ ಪ್ರಾಧಿಕಾರ ಇರಬೇಕು. ಅದು ಮಹಾಯೋಜನೆಯನ್ನು ಸಿದ್ಧಪಡಿಸಬೇಕು. ಮಂಡ್ಯದಲ್ಲಿ ಈ ಹೊಣೆ ನಗರಾಭಿವೃದ್ಧಿ ಪ್ರಾಧಿಕಾರದ್ದು. ತಾಲ್ಲೂಕು ಕೇಂದ್ರಗಳಲ್ಲಿ ಇದೇ ಕಾಯ್ದೆಯಡಿಯ ಯೋಜನಾ ಪ್ರಾಧಿಕಾರಗಳು ಈ ಕೆಲಸ ನೋಡಿಕೊಳ್ಳುತ್ತವೆ.

ಕಾಯ್ದೆಯ 12ನೇ ಪ್ರಕರಣವು ಮಹಾಯೋಜನೆಯಲ್ಲಿ ವಸತಿ, ವಾಣಿಜ್ಯ, ಕೈಗಾರಿಕೆ, ಕೃಷಿ, ವಿಹಾರ, ಶಿಕ್ಷಣ ಮುಂತಾದ ಉದ್ದೇಶಗಳಿಗೆ ಭೂಮಿಯನ್ನು ವಲಯಗಳಾಗಿ ವಿಂಗಡಿಸಿ, ಅದರ ಜೊತೆಗೆ ನಿಯಮಾವಳಿಯನ್ನೂ ರೂಪಿಸಬೇಕೆನ್ನುತ್ತದೆ. 14ನೇ ಪ್ರಕರಣವು ಯೋಜನೆ ಜಾರಿಗೆ ಬಂದ ನಂತರ ಭೂಮಿಯ ಪ್ರತಿಯೊಂದು ಬಳಕೆ, ಪ್ರತಿಯೊಂದು ಅಭಿವೃದ್ಧಿಯೂ ಅದಕ್ಕೆ ಅನುಗುಣವಾಗಿರಬೇಕೆಂದು ವಿಧಿಸುತ್ತದೆ. ಹೊಸದಾಗಿ ಗೋಡೆ ಕಟ್ಟದೆ, ಇರುವ ಕೋಣೆಯಲ್ಲಿಯೇ ವಾಸದ ಬದಲು ವ್ಯಾಪಾರ ಆರಂಭಿಸಿದರೂ ಅದು ಬಳಕೆಯ ಬದಲಾವಣೆಯೇ. ಸಾಮಾನ್ಯ ಜನರು ಎಡವುವುದು ಇಲ್ಲಿಯೇ.

ನಕ್ಷೆಯನ್ನು ಓದುವುದು ಕಷ್ಟವೇನಲ್ಲ. ರೂಢಿಯಂತೆ ವಸತಿ ಪ್ರದೇಶಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ ಬಳಕೆಗೆ ಕೆಂಪು, ಉದ್ಯಾನ ಮತ್ತು ಮೈದಾನಗಳಿಗೆ ಹಸಿರು ಬಣ್ಣ. ಸರ್ವೆ ನಂಬರ್ ಅಥವಾ ಬಡಾವಣೆಯ ಹೆಸರು ಗೊತ್ತಿದ್ದರೆ ತಮ್ಮ ನಿವೇಶನ ಯಾವ ಬಣ್ಣದಲ್ಲಿದೆ ಎಂದು ಪ್ರಾಧಿಕಾರದ ಕಚೇರಿಯಲ್ಲಿ ನೋಡಬಹುದು.

ವಾಣಿಜ್ಯದಲ್ಲೂ ಒಂದೇ ಬಗೆ ಇಲ್ಲ. ಚಿಲ್ಲರೆ ವ್ಯಾಪಾರ ಮತ್ತು ಸಗಟು ವ್ಯಾಪಾರವನ್ನು ನಿಯಮಾವಳಿಗಳು ಪ್ರತ್ಯೇಕಿಸುತ್ತವೆ. ಮಂಡ್ಯದ ಬೆಲ್ಲದ ಮಾರುಕಟ್ಟೆ, ಮದ್ದೂರಿನ ಎಳನೀರು ಮಾರುಕಟ್ಟೆಗಳಿಗೆ ಲಾರಿಗಳು ಬಂದು ನಿಲ್ಲಲು, ಸರಕು ಇಳಿಸಿ ಏರಿಸಲು ವಿಶಾಲ ಜಾಗ ಬೇಕು. ಸೊಪ್ಪು, ಹಾಲು, ಔಷಧಿ ಮಾರುವ ಅಂಗಡಿಗೆ ಅದರ ಅಗತ್ಯವಿಲ್ಲ. ಅದಕ್ಕೆ ಬೇಕಿರುವುದು ಮನೆಗಳ ಸಾಮೀಪ್ಯ.

ವಸತಿ ವಲಯದಲ್ಲಿ ಯಾವ ಅಂಗಡಿ?

ಹಳದಿ ಬಣ್ಣದ ಪ್ರದೇಶದಲ್ಲಿ ಅಂಗಡಿಯೇ ಇರಕೂಡದು ಎಂಬುದು ಇನ್ನೊಂದು ತಪ್ಪು ಕಲ್ಪನೆ. ವಲಯ ನಿಯಮಾವಳಿಗಳು ಪ್ರತಿ ವಲಯಕ್ಕೂ ಎರಡು ಪಟ್ಟಿಗಳನ್ನು ಕೊಡುತ್ತವೆ. ಮೊದಲನೆಯದು ನೇರವಾಗಿ ಅನುಮತಿಸಲಾದ ಬಳಕೆಗಳು. ಎರಡನೆಯದು ವಿಶೇಷ ಸಂದರ್ಭಗಳಲ್ಲಿ ಪ್ರಾಧಿಕಾರವು ಪರಿಶೀಲಿಸಿ ಅನುಮತಿಸಬಹುದಾದ ಬಳಕೆಗಳು. ಹಾಲಿನ ಕೇಂದ್ರ, ಅಂಚೆ ಕಚೇರಿ, ವೈದ್ಯರ ಸಲಹಾ ಕೊಠಡಿ, ವಕೀಲರ ಕಚೇರಿ, ನಿತ್ಯೋಪಯೋಗಿ ವಸ್ತುಗಳ ಸಣ್ಣ ಅಂಗಡಿ ಇತ್ಯಾದಿಗಳಿಗೆ ಮಿತ ವಿಸ್ತೀರ್ಣದಲ್ಲಿ ವಸತಿ ವಲಯದಲ್ಲೂ ಎಡೆಯಿದೆ.

ಒಂದು ಬಳಕೆ ಸಲ್ಲುತ್ತದೆಯೇ ಇಲ್ಲವೇ ಎಂಬುದನ್ನು ಮುಖ್ಯವಾಗಿ ನಾಲ್ಕು ಅಂಶಗಳು ನಿರ್ಧರಿಸುತ್ತವೆ. ಮಳಿಗೆಯ ವಿಸ್ತೀರ್ಣ ಎಷ್ಟು? ಎದುರಿನ ರಸ್ತೆಯ ಅಗಲ ಎಷ್ಟು? ವಾಹನ ನಿಲುಗಡೆಗೆ ನಿವೇಶನದ ಒಳಗೆ ಜಾಗವಿದೆಯೇ? ಶಬ್ದ, ಹೊಗೆ, ತ್ಯಾಜ್ಯ ಅಥವಾ ಯಂತ್ರಗಳಿಂದ ನೆರೆಹೊರೆಗೆ ತೊಂದರೆಯಾಗುತ್ತದೆಯೇ? ಹೊಲಿಗೆ ಅಂಗಡಿಗೂ ವೆಲ್ಡಿಂಗ್ ಶಾಪ್‌ಗೂ, ಕಾಫಿ ಪುಡಿ ಮಾರುವ ಅಂಗಡಿಗೂ ಹತ್ತಾರು ಅಡುಗೆ ಅನಿಲ ಸಿಲಿಂಡರ್ ಇಟ್ಟುಕೊಂಡ ಹೋಟೆಲಿಗೂ ನಿಯಮ ವ್ಯತ್ಯಾಸ ಮಾಡುವುದು ಈ ಕಾರಣಕ್ಕೆ.

ಬೆಂಗಳೂರಿನ ಉದಾಹರಣೆ ಈ ತರ್ಕವನ್ನು ಸ್ಪಷ್ಟಪಡಿಸುತ್ತದೆ. 2007ರ ಜೂನ್‌ನಲ್ಲಿ ಅನುಮೋದನೆಗೊಂಡ ಅಲ್ಲಿನ ಪರಿಷ್ಕೃತ ಮಹಾಯೋಜನೆ-2015ರ ನಿಯಮಾವಳಿಯು ಮುಖ್ಯ ವಸತಿ ವಲಯದಲ್ಲಿ ಪೂರಕ ಬಳಕೆಗೆ ಕಟ್ಟಡದ ಒಟ್ಟು ವಿಸ್ತೀರ್ಣದ ಶೇ 20 ಅಥವಾ 50 ಚದರ ಮೀಟರ್, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟರ ಮಿತಿ ಹಾಕಿತ್ತು. 50 ಚದರ ಮೀಟರ್ ಎಂದರೆ ಸುಮಾರು 540 ಚದರ ಅಡಿ. ಒಂದು ಸಾಧಾರಣ ದಿನಸಿ ಅಂಗಡಿಗೆ ಸಾಕಾಗುವಷ್ಟು ಜಾಗ. ಆದರೆ ಬೆಂಗಳೂರಿನ ಈ ಅಳತೆ ಮಂಡ್ಯಕ್ಕೋ ಮಳವಳ್ಳಿಗೋ ತಾನಾಗಿ ಅನ್ವಯಿಸದು. ಪ್ರತಿ ಯೋಜನಾ ಪ್ರದೇಶಕ್ಕೂ ಅದರದೇ ನಕ್ಷೆ, ಅದರದೇ ನಿಯಮಾವಳಿ. ಪಕ್ಕದ ಊರಿನಲ್ಲಿ ಕೊಟ್ಟಿದ್ದಾರೆ ಎಂಬುದು ಇಲ್ಲಿ ಆಧಾರವಾಗುವುದಿಲ್ಲ.

ಮೂರು ಪಟ್ಟಣ, ಮೂರು ಚಿತ್ರ

ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು 1939ರಲ್ಲಿ ಜಿಲ್ಲಾ ಕೇಂದ್ರವಾದ ಮಂಡ್ಯ ಸಕ್ಕರೆ ಕಾರ್ಖಾನೆಯ ಜೊತೆಜೊತೆಗೆ ಬೆಳೆದ ಊರು. 2011ರ ಜನಗಣತಿಯಂತೆ ನಗರದ ಜನಸಂಖ್ಯೆ ಸುಮಾರು 1.37 ಲಕ್ಷ. ಪೇಟೆ ಬೀದಿಯಂತಹ ಹಳೆಯ ಭಾಗದಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಎಂಬ ವ್ಯವಸ್ಥೆ ಮಹಾಯೋಜನೆಗಿಂತ ಹಿಂದಿನದು. ವಿದ್ಯಾನಗರ, ಅಶೋಕನಗರ, ಸುಭಾಷ್‌ನಗರಗಳು ವಸತಿ ಬಡಾವಣೆಗಳಾಗಿ ರೂಪುಗೊಂಡವು. ಇವೆರಡರ ನಡುವೆ ವಿ.ವಿ. ರಸ್ತೆ, ನೂರಡಿ ರಸ್ತೆಗಳು ವ್ಯಾಪಾರದ ದಾರಿಗಳಾಗಿ ಬೆಳೆದವು. ವ್ಯಾಪಾರ ಮುಖ್ಯರಸ್ತೆಯಿಂದ ಅಡ್ಡರಸ್ತೆಗೆ ತಿರುಗಿದಾಗಲೇ ಘರ್ಷಣೆ ಆರಂಭವಾಗುತ್ತದೆ. ಅಂಗಡಿಗೆ ಬಂದವರ ದ್ವಿಚಕ್ರ ವಾಹನಗಳು ನೆರೆಮನೆಯ ಗೇಟಿನ ಮುಂದೆ ನಿಲ್ಲುತ್ತವೆ. ಕಿರಿದಾದ ರಸ್ತೆಯಲ್ಲಿ ಅಗ್ನಿಶಾಮಕ ವಾಹನ ಒಳಬರಲು ಜಾಗವಿರುವುದಿಲ್ಲ. ರಸ್ತೆಯ ಅಗಲವನ್ನು ನಿಯಮ ಕೇಳುವುದು ಸುಮ್ಮನೆ ಅಲ್ಲ.

ಮದ್ದೂರಿನ ಸಮಸ್ಯೆ ಬೇರೆ ಬಗೆಯದು. ಈ ಊರಿನ ವ್ಯಾಪಾರ ಬಹುಕಾಲದಿಂದ ದಾರಿಹೋಕರನ್ನು ನಂಬಿಕೊಂಡಿದೆ. ಮದ್ದೂರು ವಡೆಯ ಖ್ಯಾತಿಗೆ ಮೂಲ ಇಲ್ಲಿನ ರೈಲು ನಿಲ್ದಾಣ. ನಂತರ ಅದನ್ನು ಪೋಷಿಸಿದ್ದು ಬೆಂಗಳೂರು-ಮೈಸೂರು ಹೆದ್ದಾರಿ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿಯೇ ದಶಪಥ ಹೆದ್ದಾರಿಯನ್ನು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ಅದರ ನಂತರ ವೇಗದ ವಾಹನಗಳು ಊರೊಳಗೆ ಇಳಿಯುವುದು ಕಡಿಮೆಯಾಗಿ, ಹಳೆಯ ರಸ್ತೆ ಬದಿಯ ಹೋಟೆಲ್, ವಡೆ, ಎಳನೀರು ಮಾರಾಟಗಾರರು ಗಿರಾಕಿಗಳನ್ನು ಕಳೆದುಕೊಂಡರು. ದಾರಿಹೋಕರು ಕೈತಪ್ಪಿದಾಗ ವ್ಯಾಪಾರಿಗೆ ಉಳಿಯುವುದು ಊರಿನ ನಿವಾಸಿಗಳೇ. ಅವರನ್ನು ಹುಡುಕಿಕೊಂಡು ಬಡಾವಣೆಯೊಳಗೆ ಹೋದರೆ ವಸತಿ ವಲಯದ ನಿಯಮ ಎದುರಾಗುತ್ತದೆ. ಹೊಸ ಹೆದ್ದಾರಿಯತ್ತ ಹೋದರೆ ಕೃಷಿ ಭೂಮಿಯ ಪರಿವರ್ತನೆ ಹಾಗೂ ಹೆದ್ದಾರಿ ಪ್ರಾಧಿಕಾರದ ಅನುಮತಿಯ ಪ್ರಶ್ನೆ ಏಳುತ್ತದೆ.

ಮದ್ದೂರನ್ನು ನಗರಸಭೆಯಾಗಿ ಮೇಲ್ದರ್ಜೆಗೇರಿಸುವ ಸಲುವಾಗಿ ಸುತ್ತಲಿನ ಪಂಚಾಯಿತಿಗಳನ್ನು ಸೇರಿಸಿಕೊಳ್ಳುವ ಪ್ರಸ್ತಾವಕ್ಕೆ 2025ರಲ್ಲಿ ಗೆಜ್ಜಲಗೆರೆಯ ಗ್ರಾಮಸ್ಥರು ತೀವ್ರ ವಿರೋಧ ವ್ಯಕ್ತಪಡಿಸಿದ್ದರು. ಊರಿನ ಗಡಿ ಹಿಗ್ಗಿದಾಗ ತೆರಿಗೆಯಷ್ಟೇ ಅಲ್ಲ, ಪರವಾನಗಿ ನೀಡುವ ಕಚೇರಿಯೂ ಬದಲಾಗುತ್ತದೆ. ಆದರೆ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿದ್ದ ಮಾತ್ರಕ್ಕೆ ವಲಯ ನಿಯಮದಿಂದ ವಿನಾಯಿತಿ ಇದೆ ಎಂದು ಭಾವಿಸುವಂತಿಲ್ಲ. ಪಟ್ಟಣದ ಅಂಚಿನ ಗ್ರಾಮ ಸ್ಥಳೀಯ ಯೋಜನಾ ಪ್ರದೇಶಕ್ಕೆ ಸೇರಿದ್ದರೆ ಅಲ್ಲಿಗೂ ಮಹಾಯೋಜನೆ ಅನ್ವಯಿಸುತ್ತದೆ.

ಮಳವಳ್ಳಿ ಕನಕಪುರ ಮಾರ್ಗವಾಗಿ ಕೊಳ್ಳೇಗಾಲದತ್ತ ಸಾಗುವ ಹೆದ್ದಾರಿಯ ಮೇಲಿದೆ. ಮದ್ದೂರು ಹಾಗೂ ಬನ್ನೂರು ಕಡೆಯ ರಸ್ತೆಗಳೂ ಇಲ್ಲಿ ಕೂಡುತ್ತವೆ. ಶಿವನಸಮುದ್ರ, ಮುತ್ತತ್ತಿಗೆ ಹೋಗುವ ಪ್ರವಾಸಿಗರಿಗಿಂತ ಸುತ್ತಲಿನ ಹಳ್ಳಿಗಳಿಂದ ಗೊಬ್ಬರ, ಬಟ್ಟೆ, ಪಾತ್ರೆ, ಔಷಧಿಗೆ ಬರುವ ರೈತರೇ ಈ ಪೇಟೆಯ ಆಧಾರ. ಇಂತಹ ಸಣ್ಣ ಊರಿನಲ್ಲಿ ಮನೆ ಮತ್ತು ಮಳಿಗೆಯನ್ನು ಕಟ್ಟುನಿಟ್ಟಾಗಿ ಬೇರ್ಪಡಿಸುವ ನಕ್ಷೆ ವಾಸ್ತವಕ್ಕೆ ಹೊಂದುವುದು ಕಷ್ಟ. ಹಾಗೆಂದು ನಕ್ಷೆಯೇ ಬೇಡವೆಂದರೆ ಶಾಲೆಯ ಪಕ್ಕದಲ್ಲಿ ಕೀಟನಾಶಕದ ಗೋದಾಮು ಬಂದರೂ ತಡೆಯುವ ದಾರಿಯಿರದು.

ಕಾಗದ ಪತ್ರಗಳ ಗೊಂದಲ

ಸಣ್ಣ ವ್ಯಾಪಾರಿಯ ಕೈಯಲ್ಲಿ ಸಾಮಾನ್ಯವಾಗಿ ಹಲವು ಕಾಗದಗಳಿರುತ್ತವೆ. ಒಂದೊಂದರ ಅರ್ಥವೂ ಬೇರೆ.

* ಉದ್ದಿಮೆ ಪರವಾನಗಿ: ಪುರಸಭೆಗಳ ಕಾಯ್ದೆ, 1964ರ ಅಡಿ ಸ್ಥಳೀಯ ಸಂಸ್ಥೆ ನೀಡುತ್ತದೆ. ವ್ಯಾಪಾರ ನಡೆಸುವ ಅನುಮತಿ ಇದು. ಭೂ ಬಳಕೆಯ ಬದಲಾವಣೆಯಲ್ಲ.
* ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿಯ ನೋಂದಣಿ: ಕಾರ್ಮಿಕ ಇಲಾಖೆಯದು. ನೌಕರರ ಕೆಲಸದ ವೇಳೆ, ರಜೆ ಇತ್ಯಾದಿಗಳಿಗೆ ಸಂಬಂಧಿಸಿದ್ದು.
* ವಾಣಿಜ್ಯ ದರದ ಆಸ್ತಿ ತೆರಿಗೆ ಮತ್ತು ವಿದ್ಯುತ್ ಬಿಲ್: ವಾಸ್ತವವಾಗಿ ಏನು ನಡೆಯುತ್ತಿದೆ ಎಂಬುದನ್ನು ಆಧರಿಸಿ ಹಾಕುವ ಶುಲ್ಕ. ತೆರಿಗೆ ಕಟ್ಟಿದ ಮಾತ್ರಕ್ಕೆ ಅನಧಿಕೃತ ಕಟ್ಟಡವಾಗಲಿ ಬಳಕೆಯಾಗಲಿ ಸಕ್ರಮವಾಗುವುದಿಲ್ಲ.
* ಭೂ ಪರಿವರ್ತನೆ ಆದೇಶ: ಭೂ ಕಂದಾಯ ಕಾಯ್ದೆ, 1964ರ 95ನೇ ಪ್ರಕರಣದ ಅಡಿ ಕೃಷಿ ಭೂಮಿಯನ್ನು ಕೃಷಿಯೇತರ ಬಳಕೆಗೆ ಮಾರ್ಪಡಿಸುವುದು. ವಸತಿ ಉದ್ದೇಶಕ್ಕೆ ಪರಿವರ್ತನೆಯಾದ ಭೂಮಿ ತಾನಾಗಿ ವಾಣಿಜ್ಯ ಭೂಮಿಯಾಗದು.

ಈ ಎಲ್ಲ ಕಾಗದಗಳಿದ್ದೂ ವಲಯ ನಿಯಮದ ಒಂದು ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಮಳಿಗೆಯ ಬುನಾದಿ ದುರ್ಬಲವೇ. ಹಣ ಪಡೆಯುವ ಇಲಾಖೆಗಳು ಹಲವು. ಜಾಗದ ಬಳಕೆ ಸರಿಯೇ ಎಂದು ಮೊದಲೇ ಎಚ್ಚರಿಸುವ ಇಲಾಖೆ ಯಾವುದೂ ಇಲ್ಲ ಎಂಬುದು ಈ ವ್ಯವಸ್ಥೆಯ ದೊಡ್ಡ ಕೊರತೆ.

ಬದಲಾವಣೆಗೆ ದಾರಿ ಯಾವುದು?

ಕಾಯ್ದೆಯ 14-ಎ ಪ್ರಕರಣದಡಿ ಭೂ ಬಳಕೆ ಬದಲಾವಣೆ ಕೋರಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ನಕ್ಷೆಯಲ್ಲಿ ದೋಷವಿದ್ದರೆ ಅಥವಾ ಪರಿಸ್ಥಿತಿ ಬದಲಾಗಿದ್ದರೆ, ಬದಲಾವಣೆ ಸಾರ್ವಜನಿಕ ಹಿತಕ್ಕೆ ಪೂರಕವಾಗಿದ್ದರೆ ಮಾತ್ರ ಇದಕ್ಕೆ ಅವಕಾಶ. ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಆಹ್ವಾನಿಸಬೇಕು. ಒಪ್ಪಿಗೆ ದೊರೆತರೆ ಶುಲ್ಕ ಪಾವತಿಸಬೇಕು. ಒಂದು ಷಟರ್‌ನ ಅಂಗಡಿಗೆ ಇದು ದುಬಾರಿ ಹಾಗೂ ದೀರ್ಘವಾದ ದಾರಿ ಎಂಬುದರಲ್ಲಿ ಸಂದೇಹವಿಲ್ಲ.

‘ಅಕ್ರಮ-ಸಕ್ರಮ’ದ ನಿರೀಕ್ಷೆಯಲ್ಲಿ ಕುಳಿತವರೂ ಇದ್ದಾರೆ. 2013ರ ಅಕ್ಟೋಬರ್ 19ಕ್ಕೆ ಮುಂಚಿನ ಉಲ್ಲಂಘನೆಗಳನ್ನು ಶುಲ್ಕ ಪಡೆದು ಸಕ್ರಮಗೊಳಿಸುವ ಈ ಯೋಜನೆಯನ್ನು ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಎತ್ತಿಹಿಡಿದಿತ್ತಾದರೂ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಇದನ್ನೇ ನೆಚ್ಚಿಕೊಂಡು ಹೊಸ ಮಳಿಗೆಗೆ ಹಣ ಹೂಡುವುದು ವಿವೇಕವಲ್ಲ.

ಮಳಿಗೆಯೇ ಇಲ್ಲದ ಬೀದಿಬದಿ ವ್ಯಾಪಾರಿಗಳ ಸ್ಥಿತಿ ಕಾನೂನಿನ ದೃಷ್ಟಿಯಲ್ಲಿ ಒಂದು ರೀತಿಯಲ್ಲಿ ಸ್ಪಷ್ಟವಾಗಿದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯು ಪಟ್ಟಣ ವ್ಯಾಪಾರ ಸಮಿತಿಯನ್ನು ಕಡ್ಡಾಯಗೊಳಿಸಿ, ಅದರಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ವ್ಯಾಪಾರಿಗಳ ಪ್ರತಿನಿಧಿಗಳಿಗೆ ಮೀಸಲಿಟ್ಟಿದೆ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಸಿ, ಮಾರಾಟ ವಲಯಗಳನ್ನು ಗುರುತಿಸಬೇಕು. ಆದರೆ ಅಂಗಡಿ ಬಾಡಿಗೆಗೆ ಹಿಡಿದ ಸಣ್ಣ ವ್ಯಾಪಾರಿಗೆ ಇಂತಹ ಸಮಿತಿಯೂ ಇಲ್ಲ, ಪ್ರಾತಿನಿಧ್ಯವೂ ಇಲ್ಲ.

ದೆಹಲಿಯ ಪಾಠ

2006ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ದೆಹಲಿಯ ವಸತಿ ಪ್ರದೇಶಗಳಲ್ಲಿದ್ದ ಅಂಗಡಿಗಳಿಗೆ ಬೀಗಮುದ್ರೆ ಹಾಕುವ ಕಾರ್ಯಾಚರಣೆ ನಡೆದಾಗ ರಾಜಧಾನಿ ತಲ್ಲಣಿಸಿತ್ತು. ಅದೇ ವರ್ಷ ಸರ್ಕಾರ ಎರಡು ಸಾವಿರಕ್ಕೂ ಹೆಚ್ಚು ರಸ್ತೆಗಳನ್ನು ಗುರುತಿಸಿ ಅಲ್ಲಿ ಮಿಶ್ರ ಅಥವಾ ವಾಣಿಜ್ಯ ಬಳಕೆಗೆ ಅವಕಾಶ ಕಲ್ಪಿಸಿತು. ಬೀಗ ಬಿದ್ದ ಮೇಲೆ ಮಾಡಿದ್ದನ್ನು ಮೊದಲೇ ಮಾಡಿದ್ದರೆ ಅಷ್ಟು ನಷ್ಟವಾಗುತ್ತಿರಲಿಲ್ಲ. ಇಡೀ ಬಡಾವಣೆಯನ್ನು ಒಂದೇ ಬಣ್ಣದಲ್ಲಿ ನೋಡದೆ ರಸ್ತೆವಾರು ನಿರ್ಧರಿಸಬಹುದು, ಇಂತಹ ರಸ್ತೆಯಲ್ಲಿ ಇಂತಿಷ್ಟು ವಿಸ್ತೀರ್ಣದ ಇಂತಹ ಅಂಗಡಿ ಎಂದು ಮುಂಚಿತವಾಗಿಯೇ ಪ್ರಕಟಿಸಬಹುದು ಎಂಬುದು ಆ ಅನುಭವದ ಸಾರ. ನಿವಾಸಿಗೆ ತನ್ನ ಅಡ್ಡರಸ್ತೆ ಶಾಂತವಾಗಿರುತ್ತದೆ ಎಂಬ ಭರವಸೆ, ವ್ಯಾಪಾರಿಗೆ ತನ್ನ ಮಳಿಗೆ ಉಳಿಯುತ್ತದೆ ಎಂಬ ಭರವಸೆ ಎರಡೂ ಇದರಿಂದ ಸಾಧ್ಯ.

ಮಂಡ್ಯ ಜಿಲ್ಲೆಯ ಪಟ್ಟಣಗಳಿಗೂ ಈ ದಾರಿ ಮುಚ್ಚಿಲ್ಲ. ಮಹಾಯೋಜನೆಯನ್ನು ಕನಿಷ್ಠ ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂದು ಕಾಯ್ದೆ ಹೇಳುತ್ತದೆ. ಕರಡು ಪ್ರಕಟವಾದ ಮೇಲೆ ಸಾರ್ವಜನಿಕರು ಲಿಖಿತ ಅಭಿಪ್ರಾಯ ಸಲ್ಲಿಸಲು 60 ದಿನಗಳ ಕಾಲಾವಕಾಶವಿರುತ್ತದೆ. ವ್ಯಾಪಾರಿಗಳ ಸಂಘ, ನಿವಾಸಿಗಳ ಸಂಘ ಎರಡೂ ತಮ್ಮ ಬೀದಿಯ ಬಗ್ಗೆ ಮಾತನಾಡಲು ಕಾನೂನು ಕೊಟ್ಟಿರುವ ವೇದಿಕೆ ಇದು.

ಬಾಡಿಗೆ ಕರಾರಿಗೆ ಮುನ್ನ

* ಯೋಜನಾ ಪ್ರಾಧಿಕಾರದಲ್ಲಿ ನಿವೇಶನದ ವಲಯ ದೃಢೀಕರಣ ಪತ್ರಕ್ಕೆ ಅರ್ಜಿ ಸಲ್ಲಿಸಿ. ಬಾಯಿಮಾತಿನ ಭರವಸೆ ಸಾಲದು.
* ತಾವು ಮಾಡಲಿರುವ ವ್ಯಾಪಾರದ ಹೆಸರು ಆ ವಲಯದ ಎರಡು ಪಟ್ಟಿಗಳಲ್ಲಿ ಯಾವುದರಲ್ಲಿದೆ, ವಿಸ್ತೀರ್ಣ ಮತ್ತು ರಸ್ತೆ ಅಗಲದ ಮಿತಿ ಎಷ್ಟು ಎಂದು ನೋಡಿಕೊಳ್ಳಿ. ಮಾಹಿತಿ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ಕೇಳಬಹುದು.
* ಮಂಜೂರಾದ ಕಟ್ಟಡ ನಕ್ಷೆಯಲ್ಲಿ ಆ ಕೋಣೆಯನ್ನು ಮಳಿಗೆ ಎಂದು ತೋರಿಸಲಾಗಿದೆಯೇ, ವಾಹನ ನಿಲುಗಡೆ ಎಂದು ತೋರಿಸಲಾಗಿದೆಯೇ ಪರಿಶೀಲಿಸಿ. ನಿಲುಗಡೆ ಜಾಗವನ್ನೇ ಅಂಗಡಿ ಮಾಡಿದ್ದರೆ ಅಪಾಯ ಹೆಚ್ಚು.
* ಹಳೆಯ ಪೇಟೆಯ ಮಳಿಗೆಯಾದರೆ ಹಿಂದಿನ ಪರವಾನಗಿ, ತೆರಿಗೆ ರಸೀದಿಗಳನ್ನು ಕಾಪಾಡಿಕೊಳ್ಳಿ. ಯೋಜನೆಗಿಂತ ಮೊದಲೇ ಇದ್ದ ಬಳಕೆ ಎಂದು ತೋರಿಸಲು ಅವು ನೆರವಾಗುತ್ತವೆ.
* ವಲಯ ನಿಯಮದ ಕಾರಣಕ್ಕೆ ಮಳಿಗೆ ಮುಚ್ಚಬೇಕಾಗಿ ಬಂದರೆ ಮುಂಗಡ ಹಣ ಹಿಂತಿರುಗಿಸಬೇಕೆಂಬ ಷರತ್ತನ್ನು ಕರಾರಿನಲ್ಲಿ ಬರೆಸಿಕೊಳ್ಳಿ.

ಕಟ್ಟಡ ಮಾಲೀಕರಿಗೆ ಬಾಡಿಗೆ ತಪ್ಪಿದರೆ ಕಟ್ಟಡವಾದರೂ ಉಳಿಯುತ್ತದೆ. ಬಾಡಿಗೆದಾರರಿಗೆ ಹೂಡಿದ ಹಣ, ಕಟ್ಟಿಕೊಂಡ ಗಿರಾಕಿ ಬಳಗ ಎರಡೂ ಒಂದೇ ನೋಟಿಸಿನಲ್ಲಿ ಹೋಗುತ್ತವೆ. ಆದ್ದರಿಂದ ನಕ್ಷೆಯನ್ನು ಮೊದಲು ನೋಡಬೇಕಾದವರು ಅವರೇ.